ಕಲಸಬ್ಯಾಡ್ರಿ, ಬ್ಯಾರೆ ಇಡ್ರಿ: ಮಾರ್ಕೆಟ್ಟಿನವ್ರಿಗೆ, ಕಲ್ಯಾಣ ಮಂಟಪದವ್ರಿಗೆ, ಪಾಲಿಕೆಗೆ ಒಬ್ಬ ಪತ್ರಾವಳಿ ಅಂಗಡಿಯವನ ಬಹಿರಂಗ ಪತ್ರ

ಎಲ್ಲಾರಿಗೂ ನಮಸ್ಕಾರ್ರೀ,

ಅಮರಗೋಳ ಎಪಿಎಂಸಿ ದಲಾಲ್ರು, ಹುಬ್ಬಳ್ಳಿ-ಧಾರವಾಡದ ಕಲ್ಯಾಣ ಮಂಟಪದ ಮಾಲಕ್ರು, ಅಡಗಿ ಕಾಂಟ್ರ್ಯಾಕ್ಟ್ ಹಿಡಿಯೋರು, ಮಹಾನಗರ ಪಾಲಿಕೆ ಆಯುಕ್ತರು, ಎಲ್ಲಾ ವಾರ್ಡಿನ ಸದಸ್ಯರು, ಇಷ್ಟೂ ಮಂದಿಗೆ ಸೇರಿಸಿ, ಸಿಪ್ಪಿ, ಬೀಜ, ಮುಸುರಿ ಕಸಾನ ಕಲಸಬ್ಯಾಡ್ರಿ, ಬ್ಯಾರೆ ಬ್ಯಾರೆ ಇಡ್ರಿ ಅಂತ ಒಂದ ಪತ್ರ ಬರಿಯಾಕತ್ತೇನಿ. ಬ್ಯಾರೆ ಬ್ಯಾರೆ ಬರದ್ರ ಒಬ್ರು ಇನ್ನೊಬ್ರ ಕಡೆ ಬಟ್ಟ ತೋರಸ್ತೀರಿ ಅನ್ನೋದು ನಮಗ ರೂಢಿ ಆಗೇತಿ, ಸಿಟ್ಟಾಗಬ್ಯಾಡ್ರಿ.

ನಾನು ದುರ್ಗದಬೈಲ್ ಕಡೆ ಸಣ್ಣ ಅಂಗಡಿ ಇಟ್ಕೊಂಡಾಂವ. ಪೇಪರ್ ಪ್ಲೇಟು, ಅಡಕಿ ಹಾಳಿ ತಟ್ಟಿ, ದ್ವಾಣಿ, ಕಪ್ಪು, ಕವರ್ರು ಮಾರೋದು ನನ್ನ ಕಸಬು, ಅಂದ್ರ ಒಂದು ಲೆಕ್ಕದಾಗ ಊರಿನ ಕಸ ಊರಿಗೆ ಹಂಚೋ ಮಂದ್ಯಾಗ ನಾನೂ ಒಬ್ಬ, ಅದನ್ನ ಮೊದಲ ಒಪ್ಕೊಂಡ ಮುಂದ ಹೋಗತೇನಿ. ನಮ್ಮವ್ವ ಮುತ್ತಲ ಎಲಿಗೆ ಕಡ್ಡಿ ಚುಚ್ಚಿ ಪತ್ರಾವಳಿ ಹಚ್ಚತಿದ್ಲು, ಊಟ ಮುಗದ ಮ್ಯಾಲೆ ಆ ಎಲಿ ತಿಪ್ಪಿಗೆ ಹೋಗ್ತಿತ್ತು, ಮಳಿಗಾಲಕ್ಕ ಅದು ಎಲ್ಲಿ ಹೋತು ಅಂತ ಯಾರೂ ಕೇಳತಿದ್ದಿಲ್ಲ. ನಾನು ಅಂಗಡಿ ಹಚ್ಚೋ ಹೊತ್ತಿಗೆ ಥರ್ಮಾಕೋಲ್ ಬಂದಿತ್ತು, ಹಗರ, ಸೋವಿ, ಮಂದಿ ಅದನ್ನ ಕೇಳತಿದ್ರು, ನಾನೂ ಮಾರಿದ್ನಿ.

2022ರ ಜುಲೈ 1ಕ್ಕ ಒಮ್ಮೆ ಬಳಸಿ ಒಗಿಯೋ ಪ್ಲಾಸ್ಟಿಕ್ ಬಂದ್ ಅಂತ ದೇಶಕ್ಕೆಲ್ಲಾ ಕಾಯ್ದೆ ಬಂತು, ಚಮಚಾ, ಪ್ಲೇಟು, ಗ್ಲಾಸು, ಸ್ಟ್ರಾ ಎಲ್ಲಾ. ನಮ್ಮ ರಾಜ್ಯದಾಗ ಅದಕ್ಕಿಂತ ಮೊದಲ 2016ರಾಗ ಪ್ಲಾಸ್ಟಿಕ್ ನಿಷೇಧ ಆಗಿತ್ತು ಖರೆ, ಆದ್ರ ಅದು ಎಷ್ಟರಮಟ್ಟಿಗೆ ಆಗಿತ್ತು ಅನ್ನೋದು ನಿಮಗೂ ಗೊತ್ತು ನಮಗೂ ಗೊತ್ತು. 2022ರ ಕಾಯ್ದೆ ಬಂದು ಸ್ವಲ್ಪ ದಿನಕ್ಕ ನನ್ನ ಅಂಗಡಿಗೆ ಒಬ್ಬ ಏಜೆಂಟ್ ಬಂದ, ಹೆಸರು ಬ್ಯಾಡ ಬಿಡ್ರಿ, ಕೈಯಾಗ ಹಸರ ಎಲಿ ಪ್ರಿಂಟ್ ಮಾಡಿದ ಕವರ್ ಬಂಡಲ್. "ಸಾವ್ಕಾರ್ರ, ಇದು ಬಯೋ, ಗೊಂಜಾಳದ್ದು, ಮಣ್ಣಾಗ ಹಾಕಿದ್ರ ಕರಗಿ ಗೊಬ್ಬರ ಆಗತೈತಿ" ಅಂದ. ರೇಟು ಜಾಸ್ತಿ ಇತ್ತು, ಆದ್ರೂ ನಮ್ಮವ್ವನ ಮುತ್ತಲ ಎಲಿ ನೆನಪಾಗಿ ತಗೊಂಡ್ನಿ. ಗಿರಾಕಿಗೂ ಅದನ್ನ ಹೇಳಿ ಹೇಳಿ ಮಾರಿದ್ನಿ.

ನಮ್ಮ ಮನ್ಯಾಕಿಗೆ ಸಂಶಯ. ಆಕಿ ಒಂದು ಕವರ್ ತಗೊಂಡು ಯುಗಾದಿ ಆದ ಮರುದಿನ ಹಿತ್ತಲದಾಗ ಕರಿಬೇವಿನ ಗಿಡದ ಬುಡಕ್ಕ ಹುಗದ್ಲು. ಮುಂದಿನ ಯುಗಾದಿಗೆ ತಗದ್ವಿ. ಬೇರು ಅದನ್ನ ಸುತ್ತಿ ಹಿಡಕೊಂಡಿತ್ತು, ಮೂಲಿಗೆ ಎರಡು ತೂತು ಬಿದ್ದಿದ್ವು, ಅಷ್ಟ. ಬಕೀಟಿನ್ಯಾಗ ಅದ್ದಿ ತೊಳದ್ರ ಹಸರ ಎಲಿ ಹಂಗ ಇತ್ತು, ಅದರ ಕೆಳಗ ಬರದ ಅಕ್ಷರ ನಮ್ಮ ಮೊಮ್ಮಗ ಓದಿದ. ಅವತ್ತು ನನಗ ನಾಚಿಕಿ ಆತು ನೋಡ್ರಿ, ಮೋಸ ಹೋದದ್ದಕ್ಕ ಅಲ್ಲ, ವರ್ಷಗಟ್ಟಲೆ ಮಂದಿಗೆ ಸುಳ್ಳು ಹೇಳಿ ಮಾರಿದ್ನೆಲ್ಲಾ ಅದಕ್ಕ.

ಅಲ್ಲಿಂದ ನಾನು ಈ ವಿಷಯದ ಹಿಂದ ಬಿದ್ದೇನಿ. ಓದಿದ್ದು ಪಿಯುಸಿ ತನಕಾ, ಆದ್ರ ಕೇಳಾಕ ನಾಚಿಕಿಲ್ಲ, ಇಲ್ಲಿ ಕಾಲೇಜು ಯುನಿವರ್ಸಿಟಿ ಬೇಕಾದಷ್ಟು ಅದಾವು. ತಿಳಕೊಂಡದ್ದು ಏನಪಾ ಅಂದ್ರ, "ಬಯೋ" ಅಂತ ಬರದದ್ದೆಲ್ಲಾ ಒಂದ ಜಾತಿ ಅಲ್ಲ. ಕೆಲವು ಕವರ್ ಸಾದಾ ಪ್ಲಾಸ್ಟಿಕ್ಕ, ಬೇಗ ಚೂರಾಗ್ಲಿ ಅಂತ ಒಂದು ಕೆಮಿಕಲ್ ಹಾಕಿರ್ತಾರ, ಅದು ಕರಗೋದಿಲ್ಲ, ಬರೇ ಸಣ್ಣ ಸಣ್ಣ ತುಣುಕಾಗಿ ಕಣ್ಣಿಗೆ ಕಾಣಲಾರದಂಗ ಆಗತೈತಿ. ಇನ್ನ ಖರೇವಂದ್ರೂ ಗೊಂಜಾಳ, ಕಬ್ಬಿನಿಂದ ಮಾಡೋ ಪಿಎಲ್‌ಎ ಅಂತ ಐತಿ, ಹಿಟ್ಟಿನ ಸಕ್ಕರಿಯನ್ನ ಹುಳಿ ಬರಿಸಿ ಲ್ಯಾಕ್ಟಿಕ್ ಆಸಿಡ್ ಮಾಡ್ತಾರ, ನಮ್ಮ ಮೊಸರಿನ ಹುಳಿ ಐತೆಲ್ಲಾ ಅದ, ಆಮ್ಯಾಲೆ ಅದನ್ನ ಸರಪಳಿಯಂಗ ಜೋಡಸ್ತಾರ. ಅದು ಕರಗತೈತಿ, ಆದ್ರ ಎಲ್ಲಿ ಬೇಕಲ್ಲಿ ಅಲ್ಲ. ಕಾಂಪೋಸ್ಟೇಬಲ್, ಅಂದ್ರ ಗೊಬ್ಬರ ಆಗೋವಂಥಾದ್ದು, ಅನಿಸ್ಕೋಬೇಕಂದ್ರ ಐಎಸ್ 17088 ಅನ್ನೋ ಪರೀಕ್ಷಾ ಪಾಸ್ ಆಗಬೇಕು: 58 ಡಿಗ್ರಿ ಆಜುಬಾಜು ಕಾವು ಇರೋ ಗೊಬ್ಬರದ ರಾಶ್ಯಾಗ 12 ವಾರ ಇಟ್ಟು 2 ಮಿಲಿಮೀಟರ್ ಜರಡಿ ಹಿಡದ್ರ ಹತ್ತು ಪಾಲಿನ್ಯಾಗ ಒಂಬತ್ತು ಪಾಲು ಕೆಳಗ ಬೀಳಬೇಕು. ನಮ್ಮ ಏಪ್ರಿಲ್ ಬಿಸಲಿಗೂ 58 ಡಿಗ್ರಿ ಇಲ್ರಿ, ಇನ್ನ ಕರಿಬೇವಿನ ಬುಡದಾಗ ಎಲ್ಲಿಂದ ಬರಬೇಕು. ಮಾರೋ ಮೊದಲ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಸರ್ಟಿಫಿಕೇಟ್ ಇರಬೇಕು ಅಂತ ರೂಲ್ ಐತಿ, ನನ್ನ ಬಂಡಲ್ ಮ್ಯಾಲೆ ಅಂಥಾ ನಂಬರ್ ಹುಡುಕಿದ್ರೂ ಸಿಗಲಿಲ್ಲ. ಹಂಗ ಅಂತ ಪೇಪರ್ ಕಪ್ ಶುದ್ಧ ಅನ್ಕೋಬ್ಯಾಡ್ರಿ, ಚಹಾ ಸೋರಬಾರದು ಅಂತ ಅದರ ಒಳಗ ಪಾಲಿಎಥಿಲೀನ್ ಪದರ ಇರತೈತಿ, ಅದೂ ಪ್ಲಾಸ್ಟಿಕ್ಕ.

ಈಗ ಪತ್ರದ ವಿಷಯಕ್ಕ ಬರತೇನಿ. ವಿಶ್ವಸಂಸ್ಥೆಯ ಪರಿಸರ ವಿಭಾಗದವ್ರು 2024ರಾಗ ಆಹಾರ ಪೋಲಿನ ವರದಿ ಕೊಟ್ಟಾರ, ಅದರಾಗ ಭಾರತದ ಮನಿಗೋಳಾಗ ವರ್ಷಕ್ಕ ತಲಿಗೆ ಸುಮಾರು 55 ಕೆಜಿ ಹಾಳಾಗತೈತಿ ಅಂತ ಐತಿ. ತಿನ್ನಲಾರದ ಸಿಪ್ಪಿ, ಬೀಜ, ಎಲುಬು ಎಲ್ಲಾ ಹಿಡದು. 2011ರ ಜನಗಣತಿ ಪ್ರಕಾರ ನಮ್ಮ ಅವಳಿನಗರದಾಗ 9.4 ಲಕ್ಷ ಮಂದಿ ಅಂತ ಇಟ್ಕೊಂಡು ಅಂಗಡಿ ಕ್ಯಾಲ್ಕುಲೇಟರ್‌ನ್ಯಾಗ ಗುಣಾಕಾರ ಮಾಡಿದ್ನಿ, ವರ್ಷಕ್ಕ 51 ಸಾವಿರ ಟನ್ ದಾಟತೈತಿ, ದಿನಕ್ಕ 140 ಟನ್. ಇದು ಅಂಗಡಿಯವನ ಲೆಕ್ಕ, ದೇಶದ ಸರಾಸರಿ, ಹಳೇ ಜನಗಣತಿ, ಮ್ಯಾಲೆ ಇದರಾಗ ಮಂಟಪ, ಖಾನಾವಳಿ, ಮಾರ್ಕೆಟ್ ಯಾವದೂ ಸೇರಿಲ್ಲ. ಇದೆಲ್ಲಾ ಗಾಡ್ಯಾಗ ಬಿದ್ದು ಡೈಪರ್ ಜೋಡಿ, ಗುಟಕಾ ಚೀಟಿ ಜೋಡಿ ಕಲಸಿ ಡಂಪಿಂಗ್ ಯಾರ್ಡಿಗೆ ಹೋದ್ರ ಅಲ್ಲಿಂದ ಮುಂದ ಅದನ್ನ ದೇವ್ರು ಬಂದ್ರೂ ಬ್ಯಾರೆ ಮಾಡಲಾರ.

ಅದ ಸಿಪ್ಪಿಯಿಂದ ಏನೇನು ಮಾಡ್ತಾರ ಅಂತ ಕೇಳಿದ್ರ ತಲಿ ಗಿರ್ ಅಂತೈತಿ. ಪೋಲಂಡಿನ್ಯಾಗ ಗೋದಿ ಬೂಸಾ ಒತ್ತಿ ಪ್ಲೇಟ್ ಮಾಡ್ತಾರ, ಬೂಸಾಕ್ಕ ಸ್ವಲ್ಪ ನೀರು ಹಾಕಿ ಬಿಸಿ ಅಚ್ಚಿನ್ಯಾಗ ಗಟ್ಟೆ ಒತ್ತೋದು, ನಮ್ಮ ಹಾಳಿ ತಟ್ಟಿ ಮಶೀನಿನಂಗ. ತಿರುವನಂತಪುರದಾಗಿರೋ ಕೇಂದ್ರ ಸರಕಾರದ ಸಿಎಸ್‌ಐಆರ್ ಲ್ಯಾಬಿನವ್ರ ತಾಂತ್ರಿಕತೆ ಹಿಡಕೊಂಡು ಕೇರಳದಾಗೂ ಶುರು ಮಾಡ್ಯಾರ. ಇಟಲಿಯ ಪಾರ್ಮಾ ಕಡೆ ಟೊಮೆಟೊ ಸಾಸ್ ಮಾಡಿ ಉಳದ ಸಿಪ್ಪಿಯೊಳಗಿಂದ ಕ್ಯೂಟಿನ್ ಅನ್ನೋ ಮೇಣದಂಥಾದ್ದನ್ನ ತಗದು ಡಬ್ಬಿ ಒಳಗ ಹಚ್ಚೋ ಬಣ್ಣ ಮಾಡ್ಯಾರ, ಟೊಮೆಟೊ ತನ್ನ ನೀರು ಆರಬಾರದು ಅಂತ ಹಾಕ್ಕೊಂಡಿರೋ ಕೋಟು ಅದು. ಕೇರಳದಾಗ ಇನ್ನೊಂದು ಕಂಪನಿ, ಮಲಾಯ್ ಅಂತ, ವೇಸ್ಟ್ ಆಗೋ ತೆಂಗಿನಕಾಯಿ ನೀರಿನ್ಯಾಗ ಬ್ಯಾಕ್ಟೀರಿಯಾ ಬೆಳಸಿ, ಮ್ಯಾಲೆ ಕಟ್ಟೋ ಕೆನಿಯಂಥ ಪದರ ತಗದು ಚರ್ಮದಂಥ ಹಾಳಿ ಮಾಡತೈತಿ. ನಮ್ಮಲ್ಲಿ ಶ್ರಾವಣ ಸೋಮವಾರಕ್ಕ ಎಷ್ಟು ಕಾಯಿ ಒಡೀತಾವ ಅಂತ ಲೆಕ್ಕ ಹಾಕ್ರಿ, ಆ ನೀರು ಎಲ್ಲಿ ಹೊಕ್ಕೈತಿ?

ಇವೆಲ್ಲಾ ಫಾರೆನ್ ವಿದ್ಯಾ ಅನ್ಕೋಬ್ಯಾಡ್ರಿ. ಬ್ಯಾಸಗ್ಯಾಗ ಮಾಳಗಿ ಮ್ಯಾಲೆ ಶಾಬೂದಾಣಿ ಸಂಡಗಿ ಹಾಕ್ತಾರೆಲ್ಲಾ ನಮ್ಮ ಅಕ್ಕಗೋಳು, ಅದನ್ನ ಹತ್ರಕ್ಕ ಹೋಗಿ ನೋಡ್ರಿ. ಬೆಳ್ಳಗಿದ್ದ ಕಾಳು ಕುದ್ದು ಕುದ್ದು ಗಾಜಿನಂಗ ಆಗತೈತಿ, ಸೌಟು ಎತ್ತಿದ್ರ ಎಳಿ ಬರತೈತಿ, ಹಾಳಿ ಮ್ಯಾಲೆ ತೆಳ್ಳಗ ಹಾಕಿ ಎರಡು ಬಿಸಲು ಕಂಡ ಮ್ಯಾಲೆ ಕಿತ್ತರ ಹಿಂದಿನ ಬೆರಳು ಕಾಣೋವಂಥ ಪಾರದರ್ಶಕ ಬಿಲ್ಲಿ. ಆಲೂಗಡ್ಡಿ ಪಿಷ್ಟದಿಂದ ಮಾಡೋ ಬಯೋಪ್ಲಾಸ್ಟಿಕ್ ಹಾಳಿ ಅಂದ್ರ ಇದ ರೀ, ಅದಕ್ಕ ಸ್ವಲ್ಪ ವಿನೆಗರ್, ಸ್ವಲ್ಪ ಗ್ಲಿಸರಿನ್ ಹಾಕ್ತಾರ, ಗ್ಲಿಸರಿನ್ ಹಾಕಿದ್ರ ಬಗ್ಗತೈತಿ, ಹಾಕಲಿಲ್ಲ ಅಂದ್ರ ಹಪ್ಪಳದಂಗ ಕಟಕ್ ಅಂತ ಮುರೀತೈತಿ.

ನಾನೂ ಒಂದು ಕೈ ನೋಡಿದ್ನಿ. ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿ ಕಡೆ ಕಂಬಳಿ ನೇಯೋರು ನೂಲಿಗೆ ಹುಣಸಿ ಬೀಜದ ಸರಿ ಹಚ್ಚತಾರ, ಬೀಜ ಹುರದು, ಕೆಂಪ ಸಿಪ್ಪಿ ಕಳದು, ಬೀಸಿ, ಕುದಿಸಿದ್ರ ಅಂಟಂದ್ರ ಅಂಟು, ಉಣ್ಣಿ ಎಳಿ ಬಿಗದು ನಿಲ್ಲತೈತಿ. ಆ ಸರಿ ಮನ್ಯಾಗ ಮಾಡಿ, ಗೊಂಜಾಳದ ತೆನಿ ಮ್ಯಾಲಿನ ರವದಿ ಮಿಕ್ಸರಿಗೆ ಹಾಕಿ ಕಲಸಿ, ಎರಡು ಸ್ಟೀಲ್ ವಾಟಗಾದ ನಡುವ ಒತ್ತಿ, ಕಲ್ಲು ಹೇರಿ, ಮಾಳಗಿ ಮ್ಯಾಲೆ ಮೂರು ದಿನ ಒಣಗಿಸಿದ್ನಿ. ಬಂತ್ರೀ ಒಂದು ದ್ವಾಣಿ, ಬಡದ್ರ ಟಕ್ ಟಕ್ ಅಂತಿತ್ತು. ಓಣಿ ಮಂದಿಗೆಲ್ಲಾ ತೋರಿಸಿ ಬಂದ್ನಿ. ರಾತ್ರಿ ಊಟಕ್ಕ ಅದರಾಗ ಬಿಸಿ ಸಾರು ಹಾಕಿದ್ವಿ, ಎರಡನೇ ರೊಟ್ಟಿ ಮುಗಿಯೋದ್ರಾಗ ಬುಡ ಮೆತ್ತಗಾಗಿ ಸಾರು ತಟ್ಟಿಗೆ ಇಳೀತು. ಉಳದ ಎರಡನ್ನ ಅಟ್ಟದ ಮ್ಯಾಲೆ ಇಟ್ಟಿದ್ವಿ, ಶ್ರಾವಣದ ಜಿಟಿಜಿಟಿ ಮಳಿಗೆ ಬೂಷ್ಟು ಹಿಡದು ಹಸರಾದ್ವು. ಹುಣಸಿ ಸರಿಗೆ, ಪಿಷ್ಟಕ್ಕ ನೀರಂದ್ರ ಪ್ರೀತಿ, ಅದನ್ನ ತಡಿಯಾಕ ಬಿಸಿ ಅಚ್ಚು ಬೇಕು, ಮ್ಯಾಲೊಂದು ಮೇಣದ ಕೋಟು ಬೇಕು, ಟೊಮೆಟೊ ಸಿಪ್ಪಿ ಅಲ್ಲಿ ಕೆಲಸಕ್ಕ ಬರಬಹುದು ಅಂತ ಕೃಷಿ ಓದಿದ ಹುಡುಗ ಒಬ್ಬ ಹೇಳಿದ. ಕರಗಬೇಕು ಅಂದ್ರ ನೀರಿಗೆ ಸೋಲಬೇಕು, ಊಟಕ್ಕ ನಿಲ್ಲಬೇಕು ಅಂದ್ರ ನೀರಿಗೆ ಸೋಲಬಾರದು, ಈ ಕಸಬಿನ ತ್ರಾಸೆಲ್ಲಾ ಇಷ್ಟರಾಗ ಐತಿ.

ಆದ್ರ ದ್ವಾಣಿ ಸೋರಿದ್ರೂ ಹುಣಸಿ ಬೀಜ ನನಗೊಂದು ಬುದ್ಧಿ ಕಲಿಸ್ತು. ಹುಣಸಿ ಬೀಜಕ್ಕ ಮಾರ್ಕೆಟ್ಟಿನ್ಯಾಗ ರೇಟ್ ಐತ್ರೀ! ಅದರ ಹಿಟ್ಟು ಬಟ್ಟಿ ಮಿಲ್ಲಿಗೆ, ಸೆಣಬಿನ ಕಾರ್ಖಾನಿಗೆ ಗಂಜಿ ಹಾಕಾಕ ಹೋಕ್ಕೈತಿ. ಮಾವಿನ ವಾಟಿ, ಅಂದ್ರ ಗೊರಟಿಯೊಳಗೂ ಪಿಷ್ಟ ಐತಿ, ಬೆಣ್ಣಿಯಂಥ ಜಿಡ್ಡೂ ಐತಿ, ಚಾಕಲೇಟಿನ ಕೊಕೊ ಬೆಣ್ಣಿ ಬದಲಿಗೆ ಬಳಸೋವಂಥಾದ್ದು, ಆದ್ರೂ ಧಾರವಾಡ ಆಪೂಸ್ ಸೀಜನ್ನಿನ್ಯಾಗ ನಾವು ಶೀಕರಣಿ ಮಾಡಿ ಒಗಿಯೋ ವಾಟಿಗೆ ಒಂದು ರೂಪಾಯಿ ಇಲ್ಲ. ಯಾಕ? ಹುಣಸಿ ಬಡಿಯೋ ಹೆಣ್ಮಕ್ಕಳು ಹಣ್ಣು ಒಂದು ಕಡೆ, ಬೀಜ ಒಂದು ಕಡೆ, ನಾರು ಒಂದು ಕಡೆ ಬಡಿಯುವಾಗ್ಲ ಬ್ಯಾರೆ ಮಾಡಿ ಗುಂಪಿ ಹಾಕ್ತಾರ. ವಾಟಿ ನಮ್ಮ ಮನ್ಯಾಗ ಅನ್ನದ ಜೋಡಿ, ಚಹಾಪುಡಿ ಜೋಡಿ, ಕವರಿನ್ಯಾಗ ಗಂಟು ಬೀಳತೈತಿ. ಬ್ಯಾರೆ ಇದ್ದದ್ದು ಮಾಲು, ಕಲಸಿದ್ದು ಕಸ. ಇದಕ್ಕ ಸೈನ್ಸ್ ಬೇಕಾಗಿಲ್ಲ, ದಲಾಲ್ರಿಗೆ ನನಗಿಂತ ಚಲೋ ಗೊತ್ತೈತಿ, ಕಲಬೆರಕಿ ಮಾಲಿಗೆ ನೀವು ಏನು ರೇಟ್ ಕೊಡ್ತೀರಿ ಹೇಳ್ರಿ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡ್ತೇನಿ, ಯಾಕಂದ್ರ ಈಗ ಎಲ್ಲಾರೂ ಹುರುಪಿನ್ಯಾಗ ಎಲ್ಲಾದ್ರಿಂದ ಎಲ್ಲಾ ಮಾಡೋಣು ಅಂತಾರ. ದನದ ಬಾಯಾಗಿಂದ ಕಸಗೊಂಡು ಪ್ಲೇಟ್ ಮಾಡೋದು ನನಗ ಸೇರೋದಿಲ್ಲ. ಪೋಲಂಡಿನ್ಯಾಗ ಬೂಸಾ ಹೆಚ್ಚಾಗಿರಬಹುದು, ಇಲ್ಲಿ ಎಮ್ಮಿ ಕಟ್ಟಿದವ್ರನ್ನ ಬೂಸಾ ಚೀಲದ ರೇಟ್ ಕೇಳಿ ನೋಡ್ರಿ. ಖಾನಾವಳಿ ಮುಸುರಿ ಡಬ್ಬಿ ಸಂಜಿಮುಂದ ಎಮ್ಮಿ ಮನಿಗೆ ಹೊಕ್ಕಾವ, ಹೋಗ್ಲಿ. ಶೇಂಗಾ ಹೊಟ್ಟು ಭಟ್ಟಿಗೆ ಹೊಕ್ಕೈತಿ, ಗೊಂಜಾಳದ ಬೆಂಡು ಹಳ್ಳ್ಯಾಗ ಒಲಿಗೆ ಹೊಕ್ಕೈತಿ, ಅವಕ್ಕ ಈಗಾಗಲೆ ಮಾಲಕರು ಅದಾರ. ನಾವು ಹುಡುಕಬೇಕಾದ್ದು ಯಾರೂ ಕೇಳಲಾರದ ಗುಂಪಿ. ಉಳ್ಳಾಗಡ್ಡಿ ಸಿಪ್ಪಿ, ಗಾಳಿ ಬಿಟ್ರ ಯಾರ್ಡ್ ತುಂಬ ಹಾರ್ತಾವ. ಮಾವಿನ ವಾಟಿ. ಕೊಳತ ಟೊಮೆಟೊ, ರೇಟ್ ಬಿದ್ದ ದಿನ ರೈತ ಕಣ್ಣೀರು ಹಾಕ್ಕೋತ ಸುರುವಿ ಹೋಗೋದು. ಆಮ್ಯಾಲೆ ಬ್ಯಾಡಗಿ ಕಡೆ ಮೆಣಸಿನಕಾಯಿ ತುಂಬು, ಅಂದ್ರ ಕಾಯಿ ತೊಟ್ಟು.

ತುಂಬಿನ ಬಗ್ಗೆ ಸ್ವಲ್ಪ ಹೇಳಬೇಕು, ನಮ್ಮ ಅಕ್ಕನ ಮನಿ ಆ ಕಡೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಾಗ ಜಿಐ ಟ್ಯಾಗ್ ಬಂತು, ಅದರ ಕೆಂಪು ಬಣ್ಣ ತಗದು ದೇಶವಿದೇಶಕ್ಕ ಕಳಸ್ತಾರ, ಲಿಪ್‌ಸ್ಟಿಕ್ಕಿನ ತನಕಾ ಹೊಕ್ಕೈತಿ ಅಂತಾರ. ಆ ಬಣ್ಣಕ್ಕ ಹೋಗೋ ಮೊದಲ ಒಂದೊಂದ ಕಾಯಿ ಕೈಯಾಗ ಹಿಡದು ತುಂಬು ಬಿಡಸೋರು ಹೆಣ್ಮಕ್ಕಳು, ಕಣ್ಣು ಉರಿ, ಕೈ ಉರಿ, ಸಂಜಿಗೆ ಮನಿಗೆ ಹೋಗಿ ಕೂಸಿನ್ನ ಮುಟ್ಟಾಕ ಹೆದರ್ತಾರ. ಅವರ ಬೆನ್ನ ಹಿಂದ ತುಂಬಿನ ಗುಂಪಿ ಬೀಳತೈತಿ, ಒಂದ ಜಾತಿ, ಒಣಗಿದ್ದು, ಕಲಬೆರಕಿ ಇಲ್ಲ, ಯಾವ ಕಾರ್ಖಾನಿಯವಂಗ ಕೇಳಿದ್ರೂ ಇದು ಕಚ್ಚಾ ಮಾಲು ಅಂತಾನ. ಟರ್ಕಿಯೊಳಗ ಮೆಣಸಿನ ಗಿಡದ ದಂಟಿನಿಂದ ಪಾರ್ಟಿಕಲ್ ಬೋರ್ಡ್ ಮಾಡಿ ನೋಡ್ಯಾರ, ತುಂಬಿನಿಂದ ತತ್ತಿ ಟ್ರೇ, ಸಸಿ ಕುಂಡ ಯಾಕ ಮಾಡಿ ನೋಡಬಾರದು? ಊಟದ ತಟ್ಟಿ ಮಾತ್ರ ಬ್ಯಾಡ ರೀ, ಮೊಸರನ್ನ ಹಾಕಿದ್ರೂ ಖಾರ ಹತ್ತೀತು. ಮತ್ತ ಪುಡಿ ಮಾಡುವಾಗ ಘಾಟು ಏಳತೈತಿ, ಆ ಕೆಲಸಕ್ಕೂ ಅದ ಹೆಣ್ಮಕ್ಕಳನ್ನ ಬರೇ ಮೂಗಿಗೆ ಸೆರಗು ಕಟ್ಟಿಸಿ ಕುಂಡ್ರಿಸಿದ್ರ ಅದು ಉದ್ಧಾರ ಅಲ್ಲ.

ಕಲಸಿದ ಮುಸುರಿಯಿಂದ ಏನೂ ಆಗೋದಿಲ್ಲೇನು ಅಂತ ಕೇಳ್ತೀರಿ. ಆಗತೈತಿ, ಆದ್ರ ಅದು ದೊಡ್ಡವ್ರ ಆಟ. 1926ರಾಗ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯ ಮಾರಿಸ್ ಲೆಮೋಯ್ನ್ ಅನ್ನೋರು ಒಂದು ಬ್ಯಾಕ್ಟೀರಿಯಾದೊಳಗ ಪ್ಲಾಸ್ಟಿಕ್ಕಿನಂಥ ವಸ್ತು ಕಂಡು ಹಿಡದ್ರು. ನಾವು ಹೋಳಿಗಿ ಉಂಡು ಹೊಟ್ಟಿ ಬೆಳಸ್ತೇವಲ್ಲಾ ಹಂಗ ಆ ಹುಳಗೋಳು ಹೆಚ್ಚಾದ ಊಟಾನ ಮೈಯಾಗ ಪಾಲಿಎಸ್ಟರ್ ಮಾಡಿ ಕೂಡಿಡ್ತಾವ, ಪಿಎಚ್‌ಎ ಅಂತಾರ. ಮುಸುರಿ ಹುಳಿ ಬರಿಸಿ, ಆ ಹುಳಿನೀರು ಹುಳಕ್ಕ ತಿನಿಸಿ, ಮೈಯಾಗಿನ ಕೊಬ್ಬು ತಗದ್ರ ಅದು ಸಾದಾ ಮಣ್ಣಾಗೂ ಕರಗತೈತಿ, ಸಮುದ್ರದಾಗೂ ಕರಗತೈತಿ. ಟಾಕಿ ಬೇಕು, ಲ್ಯಾಬ್ ಬೇಕು, ರೊಕ್ಕ ಬೇಕು. ಐಐಟಿ ಧಾರವಾಡ ಐತಿ, ಕೃಷಿ ವಿಶ್ವವಿದ್ಯಾಲಯ ಐತಿ, ಹುಬ್ಬಳ್ಳ್ಯಾಗ ಇಂಜಿನಿಯರಿಂಗ್ ಕಾಲೇಜು, ಸ್ಟಾರ್ಟಪ್ ಸೆಂಟರ್ ಅದಾವು, ಅವರು ನೋಡ್ಕೊಳ್ಳಲಿ. ಅಲ್ಲಿಯ ಪೋರಗೋಳಿಗೆ ನನ್ನದೊಂದ ಮಾತು: ವರ್ಷಾ ಪ್ರಾಜೆಕ್ಟ್ ಟೈಮಿಗೆ ನನ್ನ ಅಂಗಡಿಗೆ ಯಾರಾರೂ ಬರ್ತೀರಿ, ಸ್ಯಾಂಪಲ್ ಒಯ್ತೀರಿ, ದ್ವಾಣಿ ಮಾಡಿ ಫೋಟೋ ತಗಸ್ಕೋತೀರಿ, ಆಮ್ಯಾಲೆ ಪತ್ತೆ ಇಲ್ಲ. ನಿಮ್ಮ ದ್ವಾಣ್ಯಾಗ ಬಿಸಿ ಸಾರು ಹಾಕಿ ಒಂದು ಪಂಕ್ತಿ ಏಳೋತನಕಾ ಇಟ್ಟು ನೋಡ್ರಿ, ಆಷಾಢದ ಗಾಳ್ಯಾಗ ಗೋದಾಮಿನ್ಯಾಗ ಎರಡು ತಿಂಗಳಿಡ್ರಿ, ಇಲಿ ತಿಂತಾವೋ ಇಲ್ಲೋ ನೋಡ್ರಿ. ಇಲಿ ಪರೀಕ್ಷಾ ಯಾವ ಪುಸ್ತಕದಾಗೂ ಇಲ್ಲ, ನನ್ನ ಗೋದಾಮಿನ್ಯಾಗ ಐತಿ.

ಇನ್ನ ಕೇಳೋದು ಏನಂದ್ರ.

ಮಾರ್ಕೆಟ್ಟಿನ ದೊಡ್ಡವ್ರ, ಕಾರ್ಖಾನಿ ಕೇಳಾಕತ್ತಿಲ್ಲ. ಯಾರ್ಡಿನ ಮೂಲ್ಯಾಗ ಒಂದು ತಗಡಿನ ಶೆಡ್ಡು, ಒಂದು ತೂಕದ ಕಾಟಾ, ಒಂದು ದೊಡ್ಡ ನೋಟಬುಕ್ಕು. ಒಂದು ಸೀಜನ್, ಅಷ್ಟ. ಉಳ್ಳಾಗಡ್ಡಿ ಸಿಪ್ಪಿ ಎಷ್ಟು, ಟೊಮೆಟೊ ಎಷ್ಟು, ವಾಟಿ ಎಷ್ಟು, ಕೊಳತ ಬಾಳಿಹಣ್ಣು ಎಷ್ಟು ಅಂತ ದಿನಾ ಬ್ಯಾರೆ ಬ್ಯಾರೆ ತೂಗಿ ಬರದು, ತಿಂಗಳಿಗೊಮ್ಮೆ ಬೋರ್ಡಿಗೆ ಹಚ್ಚರಿ. ಎಷ್ಟು ಟನ್ ಸಿಗತೈತಿ, ಯಾವ ತಿಂಗಳ ಸಿಗತೈತಿ ಗೊತ್ತಿಲ್ಲದ ಯಾವ ಮನುಷ್ಯಾ ಮಶೀನಿಗೆ ರೊಕ್ಕ ಹಾಕ್ತಾನ? ಇವತ್ತು ನಾನ ಸಾಲ ತಗೊಂಡು ಅಚ್ಚು ಹಾಕ್ತೇನಿ ಅಂದ್ರೂ ಬ್ಯಾಂಕಿನವ್ರು ಮೊದಲ ಕೇಳೋದು ಅದನ್ನ. ಹಮಾಲರ ಮನಿ ಹೆಣ್ಮಕ್ಕಳ ಸ್ವಸಹಾಯ ಗುಂಪಿಗೆ ಆ ಶೆಡ್ ಕೊಡ್ರಿ, ಕೂಲಿ ಕೊಡ್ರಿ, ಪುಗಸಟ್ಟೆ ಸೇವಾ ಅನ್ನಬ್ಯಾಡ್ರಿ.

ಮಂಟಪದ ಸಾವ್ಕಾರ್ರ, ಮದವಿ ಅಡಗಿಮನ್ಯಾಗ ಎರಡು ನಮೂನಿ ಕಸ ಬರತೈತಿ. ಮುಂಜಾನೆ ಹೆಚ್ಚುವಾಗ ಬರೋ ಹಸೇ ಸಿಪ್ಪಿ, ಅದಕ್ಕ ಎಣ್ಣಿಲ್ಲ ಉಪ್ಪಿಲ್ಲ, ಚಿನ್ನದಂಥಾ ಮಾಲು. ಮಧ್ಯಾಹ್ನ ತಟ್ಟ್ಯಾಗ ಉಳದ ಎಂಜಲು, ಅದು ಬ್ಯಾರೆ. ನೀವು ಎರಡನ್ನೂ ಒಂದ ಡ್ರಮ್ಮಿಗೆ ಹಾಕ್ತೀರಿ, ಮ್ಯಾಲೆ ಪ್ಲಾಸ್ಟಿಕ್ ನೀರಿನ ಬಾಟ್ಲಿ ಮುಚ್ಚಳ, ಹೂವಿನ ದಾರ, ಬೀಡಾ ಚುಚ್ಚಿದ ಕಡ್ಡಿ. ಎರಡು ಡ್ರಮ್ ಇಡ್ರಿ ಸಾಕು. ಡ್ರಮ್ಮಿನ ಖರ್ಚು ಭಾರ ಅನಿಸಿದ್ರ ಮೊದಲಿನ ಎರಡು ಡ್ರಮ್ ನಾನ ಕೊಡ್ತೇನಿ, ಹತ್ತು ಮಂಟಪಕ್ಕ, ಬಂದು ಒಯ್ರಿ.

ಪಾಲಿಕೆ ಸಾಹೇಬ್ರ, ನೀವು ಅಂಗಡಿ ರೇಡ್ ಮಾಡುವಾಗ ಕವರಿನ ದಪ್ಪ ನೋಡ್ತೀರಿ, 120 ಮೈಕ್ರಾನ್ ಐತೋ ಇಲ್ಲೋ ಅಂತ, ನೋಡ್ರಿ, ಬ್ಯಾಡ ಅನ್ನೋದಿಲ್ಲ. ಹಸರ ಎಲಿ ಚಿತ್ರ ಇದ್ದದ್ದನ್ನೂ ನೋಡ್ರಿ. ಸರ್ಟಿಫಿಕೇಟ್ ನಂಬರ್ ಹೆಂಗ ಚೆಕ್ ಮಾಡಬೇಕು ಅಂತ ನಮ್ಮಂಥ ಸಣ್ಣ ಅಂಗಡಿಯವ್ರಿಗೆ ಒಂದು ದಿನ ಕುಂಡ್ರಿಸಿ ಕನ್ನಡದಾಗ ಹೇಳಿಕೊಡ್ರಿ, ದಂಡ ಆಮ್ಯಾಲೆ ಹಾಕ್ರಿ. ಮತ್ತ ಖರೇ ಕಾಂಪೋಸ್ಟೇಬಲ್ ಮಾಲು ಮಾರಿದ್ರೂ ಅದನ್ನ ಒಯ್ದು ಹಾಕಾಕ ಕಾವು ಏರೋ ಗೊಬ್ಬರದ ಗುಂಡಿ ಬೇಕಲ್ರಿ, ವಲಯಕ್ಕ ಒಂದಾದ್ರೂ. ಗುಂಡಿ ಇಲ್ಲದ ಊರಾಗ ಆ ಕವರ್ ಮಾರೋದು, ಬಾವಿ ಇಲ್ಲದ ಊರಾಗ ಹಗ್ಗ-ಬಕೀಟು ಮಾರಿದಂಗ.

ಓದೋ ಮಂದಿಗೆ, ನಿಮ್ಮ ಮನ್ಯಾಗ ಈ ಸಲ ಮಾವಿನ ಸೀಜನ್ನಿಗೆ ವಾಟಿ ತೊಳದು ಒಣಗಿಸಿ ಒಂದು ಚೀಲಕ್ಕ ಹಾಕಿಡ್ರಿ. ಅದನ್ನ ಏನು ಮಾಡ್ತಿ ಅಂತ ಕೇಳಿದ್ರ, ಮೊದಲ ತೂಗತೇನಿ. ನೋಟಬುಕ್ ನನ್ನ ಕಡೇನ ಶುರು ಆಗ್ಲಿ.

ಆ ಹಸರ ಎಲಿ ಕವರ್ ಈಗ ನನ್ನ ಅಂಗಡಿ ಗಲ್ಲಾ ಮ್ಯಾಲೆ ಮೊಳಿಗೆ ತೂಗ ಹಾಕೇನಿ. "ಇದು ಮಾರಾಟಕ್ಕಿಲ್ಲ" ಅಂತ ಚೀಟಿ ಹಚ್ಚೇನಿ, ಆದ್ರೂ ದಿನಾ ಒಬ್ಬರಾದ್ರೂ "ಗಟ್ಟಿ ಕಾಣ್ತೈತಿ, ಎಷ್ಟಕ್ಕ ಕೊಡ್ತಿ" ಅಂತ ಕೇಳ್ತಾರ.

ಇಂತಿ ನಿಮ್ಮ,
ದುರ್ಗದಬೈಲ್ ಕಡೆ ಪತ್ರಾವಳಿ ಅಂಗಡಿಯಾಂವ
ಹುಬ್ಬಳ್ಳಿ